ರಾಜಕುಮಾರನ ಕಂಕುಳು

ಮಗ ಕೈ ಎತ್ತಿದ. ರಾಜಕುಮಾರ ಮಾಯವಾದ.

ನಿನ್ನೆ ಡ್ರೆಸ್ ರಿಹರ್ಸಲ್. ‘ನಟ್‌ಕ್ರ್ಯಾಕರ್’ ಬ್ಯಾಲೆಗೆ ನಮ್ಮವನೇ ರಾಜಕುಮಾರ. ಎರಡೂ ಕೈ ಎತ್ತಿ ಚಂಗನೆ ಹಾರಬೇಕು. ಕೈ ಜೊತೆ ಜಾಕೆಟ್ಟೂ ಎದ್ದಿತು, ಕಾಲರ್ ಕಿವಿ ದಾಟಿತು, ಮೂಗಿನವರೆಗೆ ಮುಖ ಒಳಗೆ! ಅದೇ ಹೊತ್ತಿಗೆ ಕೆಳಗೆ ಟೈಟ್ಸ್ ಜಾರತೊಡಗಿತು. ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಅದನ್ನು ಒಂದೇ ಹೊಟ್ಟೆಯ ಮೇಲೆ ನೋಡಿದ್ದು ಇದೇ ಮೊದಲು.

1911ರಲ್ಲಿ ಹೆಸರಾಂತ ಬ್ಯಾಲೆ ನರ್ತಕ ನಿಜಿನ್‌ಸ್ಕಿ ‘ಜಿಸೆಲ್’ ಬ್ಯಾಲೆಯಲ್ಲಿ ಟೈಟ್ಸ್ ಮೇಲೆ ಹಾಕಬೇಕಿದ್ದ ಚಡ್ಡಿ ಹಾಕಲಿಲ್ಲ ಅಂತ ರಷ್ಯಾದ ಸರ್ಕಾರಿ ರಂಗಮಂದಿರದವರು ಕೆಲಸದಿಂದಲೇ ತೆಗೆದರು. ಇದು ಮಗನಿಗೂ ಗೊತ್ತು. ‘ಅಮ್ಮಾ, ಪೂರ್ತಿ ಜಾರಿದ್ರೆ ನನ್ನನ್ನೂ ತೆಗೀತಾರಾ?’ ಅಂತ ಕಾಲರ್ ಒಳಗಿಂದ ಕೇಳಿದ.

ಹುಡುಗಿಯರಿಗೆ ಟುಟುಗಳು, ಅಂದರೆ ಬ್ಯಾಲೆಯ ಜಾಲರಿ ಲಂಗಗಳು, ಎಲ್ಲ ಅಳತೆಯಲ್ಲೂ ಸಾಲಾಗಿ ನೇತಾಡುತ್ತಿರುತ್ತವೆ. ರಾಜಕುಮಾರನಿಗೆ ಇರೋದು ಒಂದೇ ಮಖಮಲ್ ಜಾಕೆಟ್, ಯಾವ ಹುಡುಗ ಬಂದರೂ ಅದರೊಳಗೇ ಹಿಡಿಸಬೇಕು. ಮೈತುಂಬ ಜರಿ, ಒಗೆಯೋ ಹಾಗಿಲ್ಲ. ಬೆವರು ವಾಸನೆ ಹೋಗಲಿ ಅಂತ ವೋಡ್ಕಾ ಸಿಂಪಡಿಸುತ್ತಾರೆ, ಹಾಗಾಗಿ ಮಗನ ಡಾನ್ಸ್‌ಗೆ ಹೋದ ತಾಯಿ ಘಮ್ಮೆನ್ನುತ್ತಾ ಮನೆಗೆ ಬರೋದು.

ಸರಿಮಾಡೋಕೆ ಬಂದರು ವಾರ್ಡ್‌ರೋಬ್ ಮೇಡಂ. ಒಳ್ಳೆಯವರೇ. ಆದರೆ ಏನಾದರೂ ಹೇಳೋದಿದ್ದರೆ ಮೊದಲು ಬಾಯಿಗೆ ಏಳೆಂಟು ಗುಂಡುಸೂಜಿ ಕಚ್ಚಿಕೊಳ್ಳುತ್ತಾರೆ. ‘ಹುಂ ಹುಂ ಹುಂ’ ಅಂದರು. ಹಿಡ್ಕೊಳ್ಳಿ ಅಂತಿರಬೇಕು, ಜಾಕೆಟ್ಟಿನ ಬೆನ್ನು ಹಿಡಿದೆ. ‘ಹುಂ!’ ಇನ್ನೂ ಗಟ್ಟಿಯಾಗಿ ಹಿಡಿದೆ. ‘ಹುಂಹುಂಹುಂ!’ ಕಣ್ಣು ಕೆಂಪಾಯಿತು. ಬಿಡಿ ಅಂತಲೇನೋ ಎಂದು ಬಿಟ್ಟೆ, ಹಾಕಿದ್ದ ಹುಕ್ಕೆಲ್ಲ ಪಟಪಟ ಬಿಚ್ಚಿಕೊಂಡವು. ಮೇಡಂ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದರು. ‘ಕಾಲು ತೆಗೀರಿ ಅಂದೆ. ನನ್ನ ಕಾಲು ತುಳಿದಿದ್ದೀರಿ.’

ಕಂಕುಳಲ್ಲಿ ಚೌಕದ ಬಟ್ಟೆ ತುಂಡು ಸೇರಿಸಿದರೆ ತೋಳು ಮಾತ್ರ ಏಳುತ್ತದೆ, ಜಾಕೆಟ್ ಇದ್ದಲ್ಲೇ ಇರುತ್ತದೆ. ಟೈಟ್ಸ್‌ಗೆ ಹೆಗಲ ಮೇಲಿಂದ ಎಲಾಸ್ಟಿಕ್. ಅಷ್ಟೇ! ಇದನ್ನ ಮೊದಲೇ ಮಾಡಿಡೋಕೆ ಏನು ಕಷ್ಟವೋ.

ಪಕ್ಕದ ಹೊಲಿಗೆಯನ್ನೂ ಬಿಚ್ಚಬೇಕಾಯಿತು. ಹೋದ ವರ್ಷ ಇದೇ ಜಾಕೆಟ್ ದೊಗಳೆ ಅಂತ ನಾನೇ ಹಿಡಿದು ಹೊಲಿದದ್ದು. ಒಳಗೆ ಹಳೇ ಸೂಜಿ ತೂತುಗಳ ಸಾಲು ಇನ್ನೂ ಎರಡಿದ್ದವು, ಇವನಿಗಿಂತ ಮೊದಲು ಹಾಕಿದ್ದ ಯಾರೋ ಹುಡುಗರದ್ದು.

‘ಬಿಡೋಕೆ ಇನ್ನು ಬಟ್ಟೆ ಇಲ್ಲ. ಮುಂದಿನ ವರ್ಷ ಬೇರೆ ಹುಡುಗನ್ನ ನೋಡ್ಬೇಕು’ ಅಂದರು ಮೇಡಂ. ಬಾಯಲ್ಲಿ ಸೂಜಿ ಇರಲಿಲ್ಲ, ಸ್ಪಷ್ಟವಾಗಿಯೇ ಕೇಳಿಸಿತು.

ಈ ಸಲ ‘ಹುಂ’ ಅಂದದ್ದು ನಾನು.