ಹಿಮದೂರಿಗೆ ಮಕ್ಕಳೊಂದಿಗೆ: ಹೋಗಬೇಕೇ, ಬೇಡವೇ?

ಕೆನಡಾ ಸರ್ಕಾರ 2019ರಲ್ಲಿ ಹನ್ನೊಂದು ಸಣ್ಣ ಊರುಗಳನ್ನು ಆರಿಸಿ, ಅಲ್ಲಿಗೆ ಕೆಲಸಕ್ಕೆ ಬಂದು ನೆಲೆಸುವವರಿಗೆ ಕಾಯಂ ನಿವಾಸ ಕೊಡುವ ಯೋಜನೆಯೊಂದನ್ನು ಆರಂಭಿಸಿತು. 2024ರಲ್ಲಿ ಅದು ಮುಗಿದ ಮೇಲೆ, 2025ರ ಜನವರಿಯಲ್ಲಿ ಹದಿನಾಲ್ಕು ಊರು ಮತ್ತು ಪ್ರದೇಶಗಳ ಹೊಸ ಯೋಜನೆ ಬಂತು. ಒಂಟಾರಿಯೊದ ಟಿಮ್ಮಿನ್ಸ್, ಥಂಡರ್ ಬೇ, ಸಡ್ಬರಿ, ಮ್ಯಾನಿಟೋಬಾದ ಬ್ರ್ಯಾಂಡನ್, ಆಲ್ಟೋನಾ, ಆಲ್ಬರ್ಟಾದ ಕ್ಲೇರ್ಸ್‌ಹೋಮ್ ಎರಡೂ ಪಟ್ಟಿಗಳಲ್ಲಿವೆ. ಊರಿನ ಜನಸಂಖ್ಯೆ ಐವತ್ತು ಸಾವಿರ ಮೀರಬಾರದು, ಮಹಾನಗರದಿಂದ ಕನಿಷ್ಠ 75 ಕಿ.ಮೀ. ದೂರವಿರಬೇಕು, ತೀರಾ ದೂರದ ಊರಾದರೆ ಎರಡು ಲಕ್ಷದವರೆಗೂ ನಡೆಯುತ್ತದೆ. ಟೊರೊಂಟೊ, ವ್ಯಾಂಕೂವರ್ ಬಿಟ್ಟು ಬೇರೆ ಹೆಸರು ಕೇಳಿರದ ನಮ್ಮ ಮನೆಗಳಲ್ಲಿ ಈಗ ಈ ಊರುಗಳ ಮಾತು ನಡೆಯುತ್ತಿದೆ. ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳಿರುವ ಕನ್ನಡ ಕುಟುಂಬವೊಂದು ಅಲ್ಲಿಗೆ ಹೋಗಿ ನೆಲೆಸಬೇಕೇ? ಇಬ್ಬರ ವಾದ ಇಲ್ಲಿದೆ.

ಪರ: ಚಳಿಗೆ ಬಟ್ಟೆಯಿದೆ, ಬಾಡಿಗೆಗೆ ಮದ್ದಿಲ್ಲ

ಎಲ್ಲರೂ ಮೊದಲು ಕೇಳುವುದು ಚಳಿಯನ್ನೇ. ಅದನ್ನು ಮೊದಲೇ ಮುಗಿಸಿಬಿಡೋಣ. ಟಿಮ್ಮಿನ್ಸ್‌ನಲ್ಲಿ ಜನವರಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ ಹದಿನಾರು ಹದಿನೇಳು ಡಿಗ್ರಿ ಕೆಳಗೆ. ಕೆಲವು ರಾತ್ರಿ ಮೈನಸ್ 40ರ ಹತ್ತಿರಕ್ಕೂ ಹೋಗುತ್ತದೆ. ಆ ಮಟ್ಟದಲ್ಲಿ ಸೆಲ್ಸಿಯಸ್, ಫ್ಯಾರನ್‌ಹೀಟ್ ಎರಡೂ ಒಂದೇ ಆಗುವುದರಿಂದ ಲೆಕ್ಕದ ತಲೆನೋವೂ ಇಲ್ಲ. ಆದರೆ ಯಾರೂ ಬಯಲಲ್ಲಿ ಸಂಸಾರ ಹೂಡುವುದಿಲ್ಲ. ಅಲ್ಲಿ ಮನೆಯ ಗೋಡೆ, ಕಿಟಕಿ, ಮಾಡುಗಳನ್ನೆಲ್ಲ ಚಳಿಯನ್ನು ಎದುರಿಟ್ಟುಕೊಂಡೇ ಕಟ್ಟುತ್ತಾರೆ. ಒಳಗೆ ಇಪ್ಪತ್ತು ಇಪ್ಪತ್ತೊಂದು ಡಿಗ್ರಿ. ಡಿಸೆಂಬರಿನಲ್ಲಿ ಮಡಿಕೇರಿಯ ಹಂಚಿನ ಮನೆಯೊಳಗೆ ಕಂಬಳಿ ಹೊದ್ದು ಕೂರುವಂತೆ ಅಲ್ಲಿ ಯಾರೂ ಮನೆಯೊಳಗೆ ಕೂರುವುದಿಲ್ಲ.

ಹೊರಗೆ ಹೋಗುವುದೂ ಕಲಿಯಬಹುದಾದ ವಿದ್ಯೆ. ಮೈಗೆ ತಾಗುವ ಪದರ ಹತ್ತಿಯದಾಗಿರಬಾರದು, ಏಕೆಂದರೆ ಹತ್ತಿ ಬೆವರನ್ನು ಹಿಡಿದಿಟ್ಟುಕೊಂಡು ಮೈಯನ್ನು ತಣ್ಣಗೆ ಮಾಡುತ್ತದೆ, ಉಣ್ಣೆ ಬೇಕು. ಅದರ ಮೇಲೆ ಗಾಳಿ ಹಿಡಿದಿಡುವ ದಪ್ಪ ಪದರ, ಹೊರಗೆ ಗಾಳಿ ನುಗ್ಗದ ಜಾಕೆಟ್. ಮಕ್ಕಳಿಗೆ ಬೆರಳು ಬೆರಳು ಬಿಡಿಸಿದ ಕೈಗವಸು ಬೇಡ. ನಾಲ್ಕೂ ಬೆರಳು ಒಟ್ಟಿಗೆ ಇರುವ ಚೀಲದಂಥದ್ದು ಹೆಚ್ಚು ಬೆಚ್ಚಗಿಡುತ್ತದೆ. ಕಾರಿನ ಎಂಜಿನ್ ಬೆಚ್ಚಗಿರಲೆಂದು ರಾತ್ರಿ ಅದಕ್ಕೆ ವಿದ್ಯುತ್ ತಂತಿ ಚುಚ್ಚಿ ಮಲಗುತ್ತಾರೆ. ಗಾಳಿಯ ಚುಚ್ಚು ಮಿತಿ ಮೀರಿದ ದಿನ ಶಾಲೆಯವರು ಮಕ್ಕಳನ್ನು ಆಟದ ಹೊತ್ತಿನಲ್ಲೂ ಒಳಗೇ ಇಟ್ಟುಕೊಳ್ಳುತ್ತಾರೆ, ಉಳಿದ ದಿನ ಹೊರಗೆ ಬಿಡುತ್ತಾರೆ. ಮೂರು ವರ್ಷದ ಮಗು ಹಿಮ ಕಂಡರೆ ಅಳುವುದಿಲ್ಲ, ಅದರ ಮೇಲೆ ಮಲಗುತ್ತದೆ. ಅಳುವವರು ಬೆಂಗಳೂರಿನಿಂದ ವಿಡಿಯೊ ಕರೆಯಲ್ಲಿ ನೋಡುತ್ತಿರುವ ಅಜ್ಜಿ. ಇಡ್ಲಿ ಹಿಟ್ಟು ಹುದುಗುವುದಿಲ್ಲ ಎನ್ನುವವರಿಗೆ ಉತ್ತರ: ಓವನ್ನಿನ ದೀಪ ಮಾತ್ರ ಹಾಕಿ ಒಳಗಿಡಿ, ಬೆಳಿಗ್ಗೆ ಉಕ್ಕಿರುತ್ತದೆ.

ಮಲೆನಾಡಿನ ಒಂಟಿಮನೆಗಳಲ್ಲಿ ಬೆಳೆದ ನನ್ನಂಥವರಿಗೆ ಈ ಬದುಕಿನ ಲಯ ಹೊಸದಲ್ಲ. ಜೂನ್ ಹೊತ್ತಿಗೆ ಸೌದೆ ಕೊಟ್ಟಿಗೆ ತುಂಬಿರಬೇಕು, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಡಬ್ಬಿ ಸೇರಿರಬೇಕು, ಹಳ್ಳ ಉಕ್ಕಿದರೆ ವಾರಗಟ್ಟಲೆ ಪೇಟೆಯ ಮುಖ ಕಾಣದೆ ಇರಬೇಕು. ಮಳೆಗಾಲವನ್ನು ನಾವು ವಿಪತ್ತು ಎಂದು ಕರೆಯುತ್ತಿರಲಿಲ್ಲ. ಅದಕ್ಕೆ ತಯಾರಿ ಮಾಡಿಕೊಳ್ಳುತ್ತಿದ್ದೆವು, ಅಷ್ಟೇ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಟೊರೊಂಟೊ ಸುತ್ತಮುತ್ತ ಮನೆಯ ಸರಾಸರಿ ಬೆಲೆ ಹತ್ತು ಲಕ್ಷ ಡಾಲರಿನ ಆಸುಪಾಸಿನಲ್ಲಿದೆ. ಹೊಸದಾಗಿ ಬಂದ ಕುಟುಂಬ ಮೊದಲು ಇಳಿಯುವುದು ಯಾರದೋ ಮನೆಯ ನೆಲಮಾಳಿಗೆಯ ಬಾಡಿಗೆ ಕೋಣೆಗಳಿಗೆ. ಕಿಟಕಿಯ ತುಂಬ ಪಕ್ಕದ ಮನೆಯ ಗೋಡೆ. ಮಗು ಓಡಿದರೆ ಮೇಲಿನವರಿಂದ ದೂರು, ಮೇಲಿನವರು ಓಡಿದರೆ ಮಗುವಿನ ನಿದ್ದೆ ಹಾಳು. ಗಂಡ ಹೆಂಡತಿ ಇಬ್ಬರೂ 401 ಹೆದ್ದಾರಿಯ ವಾಹನಗಳ ನಡುವೆ ದಿನಕ್ಕೆರಡು ಮೂರು ಗಂಟೆ ಕಳೆದು ಬರುವಷ್ಟರಲ್ಲಿ ಮಗು ಮಲಗಿರುತ್ತದೆ. ಥಂಡರ್ ಬೇಯಲ್ಲಿ ಟೊರೊಂಟೊ ಬೆಲೆಯ ಮೂರನೇ ಒಂದು ಭಾಗದ ಸುಮಾರಿಗೆ ಹಿತ್ತಲಿರುವ ಸ್ವಂತ ಮನೆ ಸಿಗುತ್ತದೆ. ಕೆಲಸದ ಜಾಗ ಹತ್ತು ಹದಿನೈದು ನಿಮಿಷ. ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವ ಅಪ್ಪ! ಬೆಂಗಳೂರಿನಲ್ಲಿ ಇದು ನಮ್ಮ ತಾತನ ಕಾಲಕ್ಕೇ ಮುಗಿದ ಸುಖ.

ಮಗುವಿನ ಪಾಲನೆಯ ಖರ್ಚಿನಲ್ಲೂ ಈಗ ಬದಲಾವಣೆಯಾಗಿದೆ. 2021ರಲ್ಲಿ ಕೇಂದ್ರ ಸರ್ಕಾರ ದಿನಕ್ಕೆ ಸರಾಸರಿ ಹತ್ತು ಡಾಲರಿಗೆ ಶಿಶುಪಾಲನೆ ಕೊಡುವ ಗುರಿ ಘೋಷಿಸಿತು. ಮ್ಯಾನಿಟೋಬಾ 2023ರ ಏಪ್ರಿಲ್‌ನಲ್ಲೇ ಆ ದರಕ್ಕೆ ಬಂತು. ಬ್ರ್ಯಾಂಡನ್ನಿಗೆ ಹೋಗುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ಆದಾಯ ಕಡಿಮೆಯಿದ್ದರೆ ಆರು ವರ್ಷದೊಳಗಿನ ಮಗುವಿಗೆ ಸರ್ಕಾರದಿಂದ ವರ್ಷಕ್ಕೆ ಎಂಟು ಸಾವಿರ ಡಾಲರಿನ ಹತ್ತಿರದವರೆಗೂ ಹಣ ಬರುತ್ತದೆ. ಅದೇ ಹಣ ಟೊರೊಂಟೊದಲ್ಲಿ ಬಾಡಿಗೆಗೆ ಕರಗಿಹೋಗುತ್ತದೆ, ಸಣ್ಣ ಊರಿನಲ್ಲಿ ಮಗುವಿನ ಸ್ಕೇಟಿಂಗ್ ಬೂಟಿಗೂ ಉಳಿಯುತ್ತದೆ.

ಕಾಯಂ ನಿವಾಸ ಸಿಕ್ಕಿದ ಮೇಲೆ ಯಾರೂ ನಿಮ್ಮನ್ನು ಆ ಊರಿಗೆ ಕಟ್ಟಿಹಾಕಲಾರರು. 1982ರ ಹಕ್ಕುಗಳ ಸನ್ನದಿನ ಆರನೆಯ ವಿಧಿ ಕಾಯಂ ನಿವಾಸಿಗಳಿಗೂ ಯಾವ ಪ್ರಾಂತಕ್ಕಾದರೂ ಹೋಗಿ ದುಡಿಯುವ ಹಕ್ಕನ್ನು ಕೊಟ್ಟಿದೆ. ಹಾಗೆಂದು ಬಿಡಲೆಂದೇ ಬನ್ನಿ ಎನ್ನುತ್ತಿಲ್ಲ. ಊರಿನವರು ನಿಮ್ಮನ್ನು ನಂಬಿ ಶಿಫಾರಸು ಮಾಡಿರುತ್ತಾರೆ. ಹಿಮ ಬಿದ್ದ ಮೊದಲ ಬೆಳಿಗ್ಗೆ ಪಕ್ಕದ ಮನೆಯ ಮುದುಕರು ಕೇಳದೆಯೇ ತಮ್ಮ ಯಂತ್ರ ತಂದು ನಿಮ್ಮ ಅಂಗಳವನ್ನೂ ತೆರವು ಮಾಡಿರುತ್ತಾರೆ. ಆಗಸ್ಟಿನಲ್ಲಿ ಕಾಡಿನ ಬಂಡೆಗಳ ನಡುವೆ ಬ್ಲೂಬೆರಿ ಎಲ್ಲಿ ಸಿಗುತ್ತದೆ ಎಂಬ ಗುಟ್ಟನ್ನು ಹೇಳಿಕೊಟ್ಟವರನ್ನು ಬಿಟ್ಟುಹೋಗುವುದು ಸುಲಭವಲ್ಲ. ಸೊಳ್ಳೆ, ಕಪ್ಪು ನೊಣಗಳ ಕಾಟ ಜೂನ್ ತಿಂಗಳಲ್ಲಿ ವಿಪರೀತ. ಅದೊಂದನ್ನು ನಾನೂ ಸಮರ್ಥಿಸಲಾರೆ.

ಹೋಗುವುದಾದರೆ ಮಕ್ಕಳು ಚಿಕ್ಕವರಿರುವಾಗಲೇ ಹೋಗಬೇಕು. ಹನ್ನೆರಡು ವರ್ಷದವರನ್ನು ಗೆಳೆಯರಿಂದ ಕಿತ್ತು ಒಯ್ದರೆ ಅವರು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ. ಮೂರು ವರ್ಷದವರಿಗೆ ಅಪ್ಪ ಅಮ್ಮ ಇರುವುದೇ ಊರು.

ವಿರೋಧ: ದೂರಕ್ಕೆ ಯಾವ ಬಟ್ಟೆ?

ಚಳಿಯ ಬಗ್ಗೆ ಮೇಲಿನ ಮಾತುಗಳನ್ನು ಪೂರ್ತಿ ಒಪ್ಪುತ್ತೇನೆ. ಉಣ್ಣೆ, ಓವನ್ನಿನ ದೀಪ, ಎಲ್ಲ ಸರಿ. ಮಲೆನಾಡಿನ ಹೋಲಿಕೆಯನ್ನು ಮಾತ್ರ ಒಪ್ಪಲಾರೆ. ಆ ಒಂಟಿಮನೆಯಲ್ಲಿ ಅಜ್ಜ, ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ, ಮದುವೆಯಾಗದ ಅತ್ತೆ, ಕೊಟ್ಟಿಗೆ ಕೆಲಸದವರು ಎಲ್ಲ ಸೇರಿ ಹದಿನೈದು ಮಂದಿ ಇರುತ್ತಿದ್ದರು. ಒಂಟಿಯಾಗಿದ್ದುದು ಮನೆ, ಬಾಣಂತಿಯನ್ನು ಯಾರೂ ಒಂಟಿಯಾಗಿ ಬಿಡುತ್ತಿರಲಿಲ್ಲ. ಟಿಮ್ಮಿನ್ಸ್‌ನ ಮನೆಯಲ್ಲಿ ಗಂಡ ಗಣಿಯ ಕಚೇರಿಗೆ ಹೋದ ಮೇಲೆ ಉಳಿಯುವವರು ಒಬ್ಬ ತಾಯಿ, ಒಂದು ಮಗು. ಡಿಸೆಂಬರಿನಲ್ಲಿ ಬೆಳಕು ಎಂಟೂಕಾಲು ಗಂಟೆ.

ಟಿಮ್ಮಿನ್ಸ್‌ನ ಜನಸಂಖ್ಯೆ ಸುಮಾರು 41 ಸಾವಿರ, ಹಳೆಯ ಬಿಬಿಎಂಪಿಯ ಒಂದು ವಾರ್ಡಿನಷ್ಟು. ನಗರಸಭೆಯ ವ್ಯಾಪ್ತಿ ಮೂರು ಸಾವಿರ ಚದರ ಕಿಲೊಮೀಟರಿಗೆ ಸ್ವಲ್ಪ ಕಡಿಮೆ, ಇಡೀ ಬಿಬಿಎಂಪಿಯ ನಾಲ್ಕು ಪಟ್ಟು. ಇಷ್ಟು ನೆಲದಲ್ಲಿ ಇಷ್ಟು ಜನ ಎಂದರೆ ಕಾರಿಲ್ಲದೆ ಹಾಲೂ ಸಿಗುವುದಿಲ್ಲ. ಟೊರೊಂಟೊ ಸುಮಾರು 700 ಕಿ.ಮೀ. ದೂರ. ಅಲ್ಲಿಂದ ಈ ಕಡೆಗೆ ಬರುತ್ತಿದ್ದ ನಾರ್ತ್‌ಲ್ಯಾಂಡರ್ ರೈಲನ್ನು 2012ರಲ್ಲಿ ನಿಲ್ಲಿಸಿದರು. ಗ್ರೇಹೌಂಡ್ ಬಸ್ಸು 2018ರಲ್ಲಿ ಪಶ್ಚಿಮದ ಮಾರ್ಗಗಳನ್ನು ಕೈಬಿಟ್ಟು, 2021ರಲ್ಲಿ ಕೆನಡಾದ ಒಳಗಿನ ಎಲ್ಲ ಮಾರ್ಗಗಳನ್ನೂ ಮುಚ್ಚಿತು. ಪ್ರಾಂತೀಯ ಸರ್ಕಾರದ ಬಸ್ಸುಗಳು ಇವೆ. ಕೈಮಗುವಿನೊಂದಿಗೆ ಹತ್ತು ಗಂಟೆಗೂ ಮಿಕ್ಕಿ ಕೂರಬಲ್ಲವರು ಕೂರಬಹುದು. ಥಂಡರ್ ಬೇಯಂತೂ ಟೊರೊಂಟೊದಿಂದ 1,400 ಕಿ.ಮೀ. ಆ ದಾರಿಯಲ್ಲಿ ನಿಪಿಗನ್ ನದಿಗೆ 2015ರ ನವೆಂಬರಿನಲ್ಲಿ ಹೊಸ ಸೇತುವೆ ತೆರೆದರು. 2016ರ ಜನವರಿಯ ಒಂದು ಭಾನುವಾರ ಬೋಲ್ಟುಗಳು ಮುರಿದು ಅದರ ಒಂದು ಬದಿ ಸುಮಾರು 60 ಸೆಂ.ಮೀ. ಮೇಲೆದ್ದಿತು. ಪೂರ್ವ ಕೆನಡಾಕ್ಕೂ ಪಶ್ಚಿಮ ಕೆನಡಾಕ್ಕೂ ದೇಶದೊಳಗೆ ಇರುವ ರಸ್ತೆ ಸಂಪರ್ಕ ಅದೊಂದೇ. ಬೇರೆ ದಾರಿ ಬೇಕೆಂದರೆ ಅಮೆರಿಕದ ಗಡಿ ದಾಟಿ ಸುತ್ತಬೇಕು. ಒಂದು ಪಥವನ್ನು ಬೇಗನೆ ತೆರೆದರು, ನಿಜ. ಆದರೆ ಮಗುವಿಗೆ ಜ್ವರ ಬಂದ ರಾತ್ರಿ ಹೀಗಾದರೆ?

ಜ್ವರದ ಮಾತು ಬಂದಿತು. ಉತ್ತರ ಒಂಟಾರಿಯೊದವರು ತಜ್ಞ ವೈದ್ಯರನ್ನು ಕಾಣಲು ಒಂದು ಕಡೆಗೆ 100 ಕಿ.ಮೀ.ಗಿಂತ ಹೆಚ್ಚು ಪ್ರಯಾಣ ಮಾಡಬೇಕಾದರೆ ಅವರ ಪ್ರಯಾಣದ ಖರ್ಚಿನಲ್ಲಿ ಒಂದಿಷ್ಟನ್ನು ಸರ್ಕಾರವೇ ಕೊಡುವ ವ್ಯವಸ್ಥೆಯಿದೆ. ಒಳ್ಳೆಯ ಯೋಜನೆಯೇ. ತಜ್ಞರು ಎಷ್ಟು ದೂರದಲ್ಲಿದ್ದಾರೆ ಎಂಬುದನ್ನೂ ಅದೇ ಹೇಳುತ್ತದೆ. ಕುಟುಂಬ ವೈದ್ಯರ ಕೊರತೆ ಕೆನಡಾದ ಮಹಾನಗರಗಳಲ್ಲೂ ಇದೆ, ಆದರೆ ನಗರದಲ್ಲಿ ಒಂದು ಕ್ಲಿನಿಕ್ ಬಾಗಿಲು ಹಾಕಿದ್ದರೆ ಮುಂದಿನ ಬೀದಿಯಲ್ಲಿ ಇನ್ನೊಂದಿರುತ್ತದೆ. 2022ರ ಬೇಸಿಗೆಯಲ್ಲಿ ಒಂಟಾರಿಯೊದ ಹಲವು ಸಣ್ಣ ಊರುಗಳ ಆಸ್ಪತ್ರೆಗಳು ದಾದಿಯರಿಲ್ಲದೆ ತುರ್ತು ವಿಭಾಗಗಳನ್ನೇ ತಾತ್ಕಾಲಿಕವಾಗಿ ಮುಚ್ಚಿದವು.

ಹೆಂಡತಿಯ ಪಾಡನ್ನು ಪರ ವಾದದಲ್ಲಿ ಎಲ್ಲಿಯೂ ಕಾಣಲಿಲ್ಲ. ಊಟಕ್ಕೆ ಮನೆಗೆ ಬರುವ ಅಪ್ಪ ಇದ್ದಾರೆ, ಅಡುಗೆ ಮಾಡಿಟ್ಟವರು ಇಲ್ಲ. ಬೆಂಗಳೂರಿನಲ್ಲಿ ಆರೇಳು ವರ್ಷ ಸಾಫ್ಟ್‌ವೇರ್ ಪರೀಕ್ಷೆ ಮಾಡಿದ ಮಹಿಳೆಗೆ ಗಣಿ, ಮರದ ಕಾರ್ಖಾನೆ, ಆಸ್ಪತ್ರೆ, ಕಾಲೇಜು ಬಿಟ್ಟು ದೊಡ್ಡ ಕೆಲಸದಾತರಿಲ್ಲದ ಊರಿನಲ್ಲಿ ಏನು ಸಿಗುತ್ತದೆ? ಅಂಗಡಿಯ ಗಲ್ಲಾ. ಅದಕ್ಕೆ ಹೋಗಲೂ ಕಾರು ಓಡಿಸಬೇಕು. ಭಾರತದ ಚಾಲನಾ ಪರವಾನಗಿಯನ್ನು ಒಂಟಾರಿಯೊದಲ್ಲಿ ನೇರವಾಗಿ ಬದಲಿಸಿಕೊಡುವುದಿಲ್ಲ. ಬರವಣಿಗೆಯ ಪರೀಕ್ಷೆಯಿಂದ ಶುರುಮಾಡಿ ರಸ್ತೆ ಪರೀಕ್ಷೆ ಪಾಸಾಗಬೇಕು. ಅಷ್ಟರೊಳಗೆ ಹಿಮ ಬಿದ್ದಿರುತ್ತದೆ, ಕಲಿಸಬೇಕಾದ ಗಂಡ ದಣಿದು ಬಂದಿರುತ್ತಾನೆ.

ಅಜ್ಜಿ ಬರಲಿ ಎಂದರೆ ಅಲ್ಲೂ ತೊಡಕಿದೆ. ಒಮ್ಮೆಗೆ ಐದು ವರ್ಷದವರೆಗೆ ಇರಲು ಬಿಡುವ ಸೂಪರ್ ವೀಸಾ ಸಿಗುವುದು ಕಾಯಂ ನಿವಾಸ ಅಥವಾ ಪೌರತ್ವ ಪಡೆದವರ ತಂದೆತಾಯಿಗೆ, ಅದೂ ಲಕ್ಷ ಡಾಲರಿನ ಆರೋಗ್ಯ ವಿಮೆ ಮಾಡಿಸಿದ ಮೇಲೆ. ಮೊದಲ ಒಂದೆರಡು ವರ್ಷ, ಅಂದರೆ ಬಾಣಂತನಕ್ಕೆ ಅಮ್ಮ ಬೇಕೇಬೇಕು ಎನ್ನುವ ಹೊತ್ತಿನಲ್ಲಿ, ನೀವು ಇನ್ನೂ ಕೆಲಸದ ಪರವಾನಗಿಯಲ್ಲಿರುತ್ತೀರಿ. ಅಮ್ಮ ಸಾಮಾನ್ಯವಾಗಿ ಆರು ತಿಂಗಳ ಪ್ರವಾಸಿಯಾಗಿ ಬಂದು ಹೋಗಬೇಕು. ಬಂದವರು ನವೆಂಬರಿನಿಂದ ಏಪ್ರಿಲ್‌ವರೆಗೆ ಜಾರುವ ದಾರಿಗೆ ಹೆದರಿ ಕಿಟಕಿಯ ಪಕ್ಕ ಕೂರಬೇಕು. ಮಕ್ಕಳ ಹಣದ ಲೆಕ್ಕವೂ ಪರ ವಾದ ಹೇಳಿದಷ್ಟು ಸರಾಗವಲ್ಲ: ತಾತ್ಕಾಲಿಕ ಪರವಾನಗಿಯಲ್ಲಿರುವವರಿಗೆ ಅದು ಶುರುವಾಗುವುದು ಹದಿನೆಂಟು ತಿಂಗಳು ಅಲ್ಲಿ ಕಳೆದ ಮೇಲೆ.

ಇನ್ನು ನೌಕರಿ. ಕಾಯಂ ನಿವಾಸ ಕೈಗೆ ಬರುವವರೆಗೆ ನಿಮ್ಮ ಪರವಾನಗಿ ಒಬ್ಬನೇ ಉದ್ಯೋಗದಾತನ ಹೆಸರಿನಲ್ಲಿರುತ್ತದೆ. ಸಣ್ಣ ಊರಿನಲ್ಲಿ ಇನ್ನೊಬ್ಬ ಉದ್ಯೋಗದಾತ ಇರುವುದೇ ಅಪರೂಪ. ಸುಪೀರಿಯರ್ ಸರೋವರದ ಉತ್ತರ ದಂಡೆಯ ಟೆರೇಸ್ ಬೇ ಎಂಬ ಊರಿನಲ್ಲಿ ಇರುವುದು ಸುಮಾರು 1,500 ಜನ. ಅಲ್ಲಿಯ ಮರದ ತಿರುಳಿನ ಕಾರ್ಖಾನೆಯನ್ನು 2012ರಲ್ಲಿ ಕೊಂಡವರು ನಮ್ಮ ಆದಿತ್ಯ ಬಿರ್ಲಾ ಸಮೂಹದವರೇ; ಹರಿಹರದ ಹತ್ತಿರ ಕುಮಾರಪಟ್ಟಣದ ಪಾಲಿಫೈಬರ್ಸ್ ಕಂಡವರಿಗೆ ಆ ಉದ್ಯಮದ ಪರಿಚಯವಿದೆ. 2024ರ ಜನವರಿಯಲ್ಲಿ ಆ ಕಾರ್ಖಾನೆ ನಿಂತಿತು. ಸುಮಾರು ನಾನ್ನೂರು ಕೆಲಸಗಳು ಹೋದವು. ಅಂಥ ಊರಿನಲ್ಲಿ ಅಗ್ಗವಾಗಿ ಕೊಂಡ ಸ್ವಂತ ಮನೆಯನ್ನು ಮರುದಿನ ಯಾರಿಗೆ ಮಾರುತ್ತೀರಿ?

ಜನರನ್ನು ಹೀಗೆ ಆಮಿಷ ತೋರಿಸಿ ಚಳಿಯ ಬಯಲಿಗೆ ಕರೆದೊಯ್ಯುವುದು ಕೆನಡಾಕ್ಕೆ ಹೊಸದೇನಲ್ಲ. 1872ರ ಭೂ ಕಾಯ್ದೆಯಲ್ಲಿ ಹತ್ತು ಡಾಲರ್ ಶುಲ್ಕಕ್ಕೆ 160 ಎಕರೆ ಕೊಡುತ್ತಿದ್ದರು. ಆಗ ನೆಲ, ಈಗ ನಿವಾಸದ ಕಾಗದ. ನಮ್ಮಲ್ಲಿ ಹಳ್ಳಿಯ ರೈತನಿಗೆ ಹೆಣ್ಣು ಕೊಡುವವರಿಲ್ಲ. 2023ರಲ್ಲಿ ಮಂಡ್ಯದ ಕಡೆಯ ಅವಿವಾಹಿತರು ಮದುವೆಯಾಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಹಳ್ಳಿಯಲ್ಲಿ ಬದುಕಲಾಗದೆ ಬೆಂಗಳೂರಿಗೆ ಬಂದವರ ಮಕ್ಕಳೇ ಮತ್ತೊಂದು ಖಂಡದ ಹಳ್ಳಿಗೆ ಅರ್ಜಿ ಹಾಕುತ್ತಿರುವುದು ನನಗೆ ಇನ್ನೂ ಅರಗಿಲ್ಲ.

ಕನ್ನಡದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಟೊರೊಂಟೊ ಸುತ್ತ ಕನ್ನಡ ಸಂಘವಿದೆ, ಗಣೇಶನ ಹಬ್ಬಕ್ಕೆ ನಾಟಕವಾದರೂ ಆಗುತ್ತದೆ, ಇನ್ನೊಂದು ಮನೆಯ ಮಗು ಕನ್ನಡದಲ್ಲಿ ಜಗಳವಾಡುವುದನ್ನು ನಿಮ್ಮ ಮಗು ಕೇಳುತ್ತದೆ. ಸಣ್ಣ ಊರಿನಲ್ಲಿ ಕನ್ನಡ ಕೇಳುವುದು ಅಪ್ಪ ಅಮ್ಮ ಗದರುವಾಗ ಮಾತ್ರ.

ಒಂದು ಸಂದರ್ಭದಲ್ಲಿ ನನ್ನ ವಿರೋಧ ಅರ್ಧ ಕಡಿಮೆಯಾಗುತ್ತದೆ. ಹೆಂಡತಿಗೂ ಅದೇ ಊರಿನಲ್ಲಿ, ಅವಳ ಓದಿಗೆ ತಕ್ಕ ಕೆಲಸದ ಪತ್ರ ಹೊರಡುವ ಮೊದಲೇ ಕೈಯಲ್ಲಿದ್ದರೆ, ಉದಾಹರಣೆಗೆ ಅವಳು ಅಲ್ಲಿಯ ನೋಂದಣಿ ಮುಗಿಸಿದ ದಾದಿಯಾಗಿದ್ದರೆ, ಹೋಗಲಿ. ಆಗಲೂ ಮೇ ತಿಂಗಳಲ್ಲಿ ಹೋಗಲಿ. ಹಿಮ ಬೀಳುವಷ್ಟರಲ್ಲಿ ಇಬ್ಬರಿಗೂ ಕಾರು ಓಡಿಸಲು ಬಂದಿರಬೇಕು.