ಹೊಸ ಲ್ಯಾಪ್‌ಟಾಪ್‌ಗೆ ತಂತ್ರಾಂಶ ತುಂಬುವ ಮೊದಲು ಕೊಳ್ಳುವವರನ್ನು ಕೇಳಿ

ತಂಗಿಯ ಮಗಳಿಗೆ ಕಾಲೇಜಿಗೆಂದು ಕೊಂಡ ಹೊಸ ಲ್ಯಾಪ್‌ಟಾಪ್‌ನಲ್ಲಿ ಒಂದು ತಿಂಗಳ ಟ್ರಯಲ್ ಆಂಟಿವೈರಸ್, ಎರಡು ಮೂರು ಆಟಗಳು, ತಯಾರಕರದೇ ನಾಲ್ಕೈದು ತಂತ್ರಾಂಶಗಳು ಮೊದಲೇ ತುಂಬಿದ್ದವು. ಟ್ರಯಲ್ ಮುಗಿದ ದಿನದಿಂದ ಕಂಪ್ಯೂಟರ್ ಅಪಾಯದಲ್ಲಿದೆ ಎಂಬ ಕೆಂಪು ಎಚ್ಚರಿಕೆ ಪದೇ ಪದೇ ಕಾಣಿಸತೊಡಗಿತು. ಹುಡುಗಿ ನಿಜಕ್ಕೂ ಹೆದರಿ, "ಮಾಮ, ದುಡ್ಡು ಕಟ್ಟಲೇಬೇಕಾ?" ಎಂದು ಫೋನ್ ಮಾಡಿದಳು. ವಿಂಡೋಸ್‌ನೊಳಗೇ ಡಿಫೆಂಡರ್ ಎಂಬ ಆಂಟಿವೈರಸ್ ಉಚಿತವಾಗಿ ಇದೆ ಎಂಬುದನ್ನು ಅಂಗಡಿಯವರೂ ಹೇಳಿರಲಿಲ್ಲ, ಆ ಎಚ್ಚರಿಕೆಯೂ ಹೇಳಲಿಲ್ಲ.

ಬೇಡವಾದರೆ ತೆಗೆದುಹಾಕಿದರಾಯಿತು ಎನ್ನುವವರು 2015ರ ಫೆಬ್ರವರಿಯಲ್ಲಿ ಬೆಳಕಿಗೆ ಬಂದ ಲೆನೊವೊ ಪ್ರಕರಣವನ್ನು ನೆನಪಿಸಿಕೊಳ್ಳಬೇಕು. ಆ ಕಂಪನಿಯ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಮೊದಲೇ ಇತ್ತು. ಬ್ಯಾಂಕಿನ ಪುಟ ತೆರೆದಾಗ ಬ್ರೌಸರ್‌ನಲ್ಲಿ ಕಾಣುವ ಬೀಗದ ಗುರುತನ್ನು ನಂಬಿ ನಾವು ಪಾಸ್‌ವರ್ಡ್ ಕೊಡುತ್ತೇವಲ್ಲ, ಆ ನಂಬಿಕೆಗೆ ಆಧಾರವಾದ ರೂಟ್ ಸರ್ಟಿಫಿಕೇಟ್‌ಗಳ ಸಾಲಿಗೆ ಈ ತಂತ್ರಾಂಶ ತನ್ನದನ್ನೂ ಸೇರಿಸಿ, ಗೂಢಲಿಪಿಯಲ್ಲಿ ಸಾಗಬೇಕಾದ ಮಾಹಿತಿಯನ್ನು ನಡುವೆಯೇ ಬಿಡಿಸಿ ಜಾಹೀರಾತು ತುರುಕುತ್ತಿತ್ತು. ಆ ಸರ್ಟಿಫಿಕೇಟ್‌ನ ಗುಟ್ಟಿನ ಕೀಲಿ, ಅಂದರೆ ಖಾಸಗಿ ಕೀ, ಎಲ್ಲ ಯಂತ್ರಗಳಲ್ಲೂ ಒಂದೇ ಆಗಿದ್ದುದರಿಂದ, ಅದು ಸಿಕ್ಕ ಯಾರು ಬೇಕಾದರೂ ನಕಲಿ ಬ್ಯಾಂಕ್ ಪುಟವನ್ನು ಅಸಲಿಯೆಂದು ನಂಬಿಸಬಹುದಿತ್ತು. ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದರೂ ಸರ್ಟಿಫಿಕೇಟ್ ಅಲ್ಲೇ ಉಳಿಯುತ್ತಿತ್ತು.

ಫಾರ್ಮ್ಯಾಟ್ ಮಾಡಿದರೆ ಎಲ್ಲ ಹೋಗುತ್ತದೆ ಎಂಬ ಭರವಸೆಯೂ ಪೂರ್ತಿ ನಿಜವಲ್ಲ. ತಯಾರಕರು ಫರ್ಮ್‌ವೇರ್‌ನಲ್ಲಿ (ಮದರ್‌ಬೋರ್ಡ್‌ನ ಚಿಪ್‌ನಲ್ಲೇ ಇರುವ ಮೂಲ ತಂತ್ರಾಂಶದಲ್ಲಿ) ಇಟ್ಟ ತಂತ್ರಾಂಶವನ್ನು ವಿಂಡೋಸ್ ತಾನೇ ಎತ್ತಿಕೊಂಡು ನಡೆಸುವ ದಾರಿ ವಿಂಡೋಸ್ 8ರಿಂದ ಇದೆ. ಹೊಸದಾಗಿ ವಿಂಡೋಸ್ ಹಾಕಿದರೂ ಮರಳಿ ಬರುವ ಇಂಥ ತಂತ್ರಾಂಶ ಅದೇ 2015ರಲ್ಲಿ ಅದೇ ಕಂಪನಿಯ ಕೆಲವು ಮಾದರಿಗಳಲ್ಲಿ ಪತ್ತೆಯಾಯಿತು.

ಸೂಪರ್‌ಫಿಶ್ ವಿಚಾರ 2017ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮುಂದೆ ಇತ್ಯರ್ಥವಾಯಿತು. ಇಂಥ ಜಾಹೀರಾತು ತಂತ್ರಾಂಶ ನಡೆಸುವ ಮೊದಲು ಬಳಕೆದಾರರ ಸ್ಪಷ್ಟ ಒಪ್ಪಿಗೆ ಪಡೆಯಬೇಕು ಎಂಬುದು ಅದರ ಷರತ್ತುಗಳಲ್ಲೊಂದು. ಇಷ್ಟು ಸರಳವಾದ ಸೌಜನ್ಯವನ್ನು ಹೇಳಿಸಲು ಸರ್ಕಾರಿ ಸಂಸ್ಥೆಯೇ ಬರಬೇಕಾಯಿತು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಆಪರೇಟಿಂಗ್ ಸಿಸ್ಟಂ ವಿಷಯದಲ್ಲೂ ಕೇಳುವವರಿಲ್ಲ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಉಬುಂಟು ಬಳಸಬೇಕೆಂದು ನಿರ್ಧರಿಸಿಯೇ ಅಂಗಡಿಗೆ ಹೋದವರೂ ಸಾಮಾನ್ಯವಾಗಿ ವಿಂಡೋಸ್ ಇರುವ ಯಂತ್ರವನ್ನೇ ತರಬೇಕಾಗುತ್ತದೆ, ಆದರೆ ಅದಕ್ಕೆ ತಾವು ಎಷ್ಟು ಕೊಟ್ಟೆವು ಎಂಬುದು ಬಿಲ್‌ನಲ್ಲಿ ಕಾಣುವುದಿಲ್ಲ. ಬಳಸದ ವಿಂಡೋಸ್‌ನ ಹಣ ವಾಪಸ್ ಕೊಡಬೇಕು ಎಂದು ಇಟಲಿಯ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಗ್ರಾಹಕರೊಬ್ಬರ ಪರ ತೀರ್ಪಿತ್ತಿತು. ಎರಡೇ ವರ್ಷಗಳಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯವು ಬೇರೊಂದು ಪ್ರಕರಣದಲ್ಲಿ, ತಂತ್ರಾಂಶ ಸೇರಿಸಿ ಮಾರುವುದು ತನ್ನಷ್ಟಕ್ಕೆ ಅನ್ಯಾಯದ ವ್ಯಾಪಾರವಲ್ಲ, ಬೆಲೆಯನ್ನು ಬಿಡಿಬಿಡಿಯಾಗಿ ತೋರಿಸದಿರುವುದೂ ಗ್ರಾಹಕರನ್ನು ದಾರಿ ತಪ್ಪಿಸಿದಂತಲ್ಲ ಎಂದಿತು. ಆ ಎರಡನೆಯ ಮಾತನ್ನು ನಾನು ಒಪ್ಪಲಾರೆ. ತರಕಾರಿಯವರೂ ಕೊತ್ತಂಬರಿಗೆ ಎಷ್ಟು, ಮೆಣಸಿನಕಾಯಿಗೆ ಎಷ್ಟು ಎಂದು ಬೇರೆ ಬೇರೆಯಾಗಿಯೇ ಹೇಳುತ್ತಾರೆ.

ತಯಾರಕರ ಲಾಭ ತೆಳುವಾಗಿದೆ, ಟ್ರಯಲ್ ತಂತ್ರಾಂಶದ ಕಂಪನಿಗಳು ಕೊಡುವ ಹಣದಿಂದ ಲ್ಯಾಪ್‌ಟಾಪ್ ಅಗ್ಗವಾಗುತ್ತದೆ ಎಂಬ ವಾದವಿದೆ. ಹಾಗಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಲಿ. ಡಬ್ಬದ ಮೇಲೆ ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು ಎಂದು ಅಚ್ಚು ಹಾಕುವ ಜಾಗದಲ್ಲೇ ಒಳಗೆ ತುಂಬಿದ ತಂತ್ರಾಂಶಗಳ ಪಟ್ಟಿಯನ್ನೂ ಹಾಕಲಿ, ಮೊದಲ ಬಾರಿ ಆನ್ ಮಾಡಿದಾಗ ಒಂದೊಂದಕ್ಕೂ ಬೇಕೇ ಬೇಡವೇ ಎಂದು ಕೇಳಲಿ.

ಮೈಕ್ರೋಸಾಫ್ಟ್‌ನ ಜಾಲತಾಣದಿಂದ ವಿಂಡೋಸ್ ಅನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಮೊನ್ನೆ ಭಾನುವಾರ ಆ ಲ್ಯಾಪ್‌ಟಾಪ್‌ಗೆ ಹೊಸದಾಗಿ ಹಾಕಿಕೊಟ್ಟೆ. ಲೈಸೆನ್ಸ್ ಕೀ ಮದರ್‌ಬೋರ್ಡ್‌ನ ಫರ್ಮ್‌ವೇರ್‌ನಲ್ಲೇ ಇದ್ದುದರಿಂದ ಮತ್ತೆ ಹಣ ಕೊಡಬೇಕಾಗಲಿಲ್ಲ. ಇಂಥ ಎಚ್ಚರಿಕೆಗೆ ಹೆದರಿ ಹಣ ಕಟ್ಟಲು ಹೊರಟವರು ನಿಮ್ಮ ಮನೆಯಲ್ಲೂ ಇದ್ದರೆ, ಕಟ್ಟುವ ಮೊದಲು ದಯವಿಟ್ಟು ಇಲ್ಲಿ ಬರೆದು ಕೇಳಿ, ನನಗೆ ತಿಳಿದಷ್ಟು ಹೇಳುತ್ತೇನೆ.