ಬೆಲ್ಲ ಜಾಸ್ತಿ, ಕ್ಯಾಂಡಿ ನಾಸ್ತಿ

ಏಪ್ರಿಲ್ ಬಂತೆಂದರೆ ಹಾಸನದಲ್ಲಿ ಫ್ರಿಜ್ ರಿಪೇರಿಯವನಿಗೆ ಫೋನ್ ಹೋಗುತ್ತದೆ: ‘ರಾತ್ರಿ ಇಟ್ಟ ಐಸ್‌ಕ್ಯಾಂಡಿ ಇನ್ನೂ ಪಿಚಪಿಚ ಅಂತಿದೆ, ಗ್ಯಾಸ್ ಹೋಗಿರಬೇಕು ನೋಡಪ್ಪ.’ ಗ್ಯಾಸ್ ಎಲ್ಲಿಗೂ ಹೋಗಿಲ್ಲ, ಬೆಲ್ಲ ಬಂದಿದೆ. ರಾಮನವಮಿಯ ಮಿಕ್ಕ ಪಾನಕಕ್ಕೆ ‘ಮಕ್ಕಳು ತಿನ್ನೋದಲ್ವಾ’ ಎಂದು ಅಜ್ಜಿ ಒಂದು ಅಚ್ಚು ಬೆಲ್ಲ, ಅವರಿಗೆ ತಿಳಿಯದಂತೆ ಸೊಸೆ ಇನ್ನೊಂದು ಅಚ್ಚು.

ಬೆಲ್ಲವೂ ಬಹುಪಾಲು ಸಕ್ಕರೆಯೇ. ಲೀಟರ್ ನೀರಿಗೆ 342 ಗ್ರಾಂ ಸಕ್ಕರೆ ಕರಗಿಸಿದರೆ ಅದು ಹೆಪ್ಪುಗಟ್ಟಲು ಶುರುವಾಗುವುದೇ ಸುಮಾರು ಮೈನಸ್ 2 ಡಿಗ್ರಿಯಲ್ಲಿ. ಫ್ರೀಜರ್ ಮೈನಸ್ 18 ಇದೆಯಲ್ಲ ಎನ್ನಬೇಡಿ. ಶುರುವಾಗುವುದು ಬೇರೆ, ಮುಗಿಯುವುದು ಬೇರೆ. ನೀರು ತಾನು ಮಾತ್ರ ಐಸಾಗಿ ಸಕ್ಕರೆಯನ್ನು ಆಚೆ ತಳ್ಳುತ್ತದೆ. ಉಳಿದ ಪಾಕ ಮಂದವಾದಷ್ಟೂ ಇನ್ನಷ್ಟು ಚಳಿ ಕೇಳುತ್ತದೆ. ಕ್ಯಾಂಡಿಯನ್ನು ಎರಡು ಸಲ ಚೀಪಿದರೆ ಬಣ್ಣ, ಸಿಹಿ ಎರಡೂ ಖಾಲಿಯಾಗಿ ಬಿಳಿ ಐಸು ಕೈಯಲ್ಲಿ ಉಳಿಯುವುದೂ ಇದರಿಂದಲೇ. ಲೀಟರಿಗೆ 150 ಗ್ರಾಂ ಸಾಕು. ಅದಕ್ಕೂ ಮುಖ್ಯ, ಬಾಗಿಲು ಮುಚ್ಚಿಡಿ. ಹಾಸನಾಂಬೆ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ. ರಜೆಯಲ್ಲಿ ಫ್ರೀಜರ್ ಬಾಗಿಲು ಐದು ನಿಮಿಷಕ್ಕೊಮ್ಮೆ.

ಹೆಪ್ಪುಗಟ್ಟದಂತೆ ತಡೆಯುವುದರಲ್ಲಿ ಉಪ್ಪಂತೂ ಗ್ರಾಂ ಲೆಕ್ಕದಲ್ಲಿ ಸಕ್ಕರೆಗಿಂತ ಹತ್ತು ಪಟ್ಟಿಗೂ ಜೋರು. ಇಲ್ಲಿ ತೂಕಕ್ಕಿಂತ ತಲೆ ಎಣಿಕೆ ಮುಖ್ಯ: ಉಪ್ಪಿನ ಕಣ ಹಗುರ, ಮೇಲಾಗಿ ನೀರಿಗೆ ಬಿದ್ದರೆ ಎರಡಾಗಿ ಒಡೆಯುತ್ತದೆ. ಹಾಗಾಗಿ ಕುಲ್ಫಿಯಲ್ಲಿ ಅದರ ಜಾಗ ಹೊರಗೆ.

ಕರೆಂಟ್ ಹೋದಾಗ ಕುಲ್ಫಿ ಮಾಡುವವರು ಪುಡಿ ಮಾಡಿದ ಐಸು ಮೂರು ಪಾಲು, ಕಲ್ಲುಪ್ಪು ಒಂದು ಪಾಲು ಪದರ ಪದರವಾಗಿ ತುಂಬಿ, ನಡುವೆ ಅಚ್ಚುಗಳನ್ನು ಹೂಳಬೇಕು. ಉಪ್ಪು ಐಸನ್ನು ಕರಗಿಸುತ್ತದೆ. ಕರಗಲು ಬೇಕಾದ ಶಾಖ ಕುಲ್ಫಿಯಿಂದ ಹೋಗುತ್ತದೆ. ಸರಿಯಾಗಿ ಬೆರೆತರೆ ಮೈನಸ್ 20ರ ಹತ್ತಿರ ಇಳಿಯುತ್ತದೆ. ‘ಅಯ್ಯೋ, ಕರಗ್ತಾ ಇದೆ!’ ಎಂದು ಉಪ್ಪು ಹಾಕುವುದನ್ನು ಅರ್ಧಕ್ಕೇ ನಿಲ್ಲಿಸುವ ಮಾವಂದಿರು ಪ್ರತಿ ಮನೆಯಲ್ಲೂ ಇದ್ದಾರೆ. ಅವರನ್ನು ಹಾಲು ಕಾಯಿಸಲು ಕಳಿಸಿ.

ಮುಚ್ಚಳದ ಸುತ್ತ ಮೈದಾ ಹಿಟ್ಟು ಮೆತ್ತಿ. ಇಲ್ಲದಿದ್ದರೆ ಉಪ್ಪುನೀರು ಒಳಗಿಳಿದು, ಏಲಕ್ಕಿ ಕುಲ್ಫಿ ಗಟ್ಟಿಯೂ ಆಗದು, ಬಾಯಿಗೂ ಆಗದು. ತೆಗೆಯುವಾಗ ಬರಿಗೈ ಹಾಕಬೇಡಿ, ಚರ್ಮ ಸುಡುತ್ತದೆ. ಅಚ್ಚಿನ ಹೊರಮೈ ತೊಳೆದ ಮೇಲೆಯೇ ಮುಚ್ಚಳ ಬಿಚ್ಚಿ. ಉಳಿದ ಉಪ್ಪುನೀರು ಬಚ್ಚಲಿಗೆ. ಅರಸೀಕೆರೆ ಕಡೆಯ ನೆಂಟರು ತೆಂಗಿನ ಬುಡಕ್ಕೆ ಹಾಕಿ ಎಂದಾರು. ತೆಂಗು ತಡೆದೀತು, ಅತ್ತೆಯವರ ಗುಲಾಬಿ ತಡೆಯುವುದಿಲ್ಲ.